ಓಡಬೇಡಿ, ಬಸ್ಸು ನಿಂತಿದೆ

ಆ ಊರಿನ ಜನಕ್ಕೆ ಮೈಕಮ್ಮನ ಮುಖ ಅಷ್ಟಾಗಿ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ತರಕಾರಿ ಅಂಗಡಿಯ ಮುಂದೆ ಅವಳು ಸುಮ್ಮನೆ ನಿಂತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. "ಅರ್ಧ ಕಿಲೋ ಈರುಳ್ಳಿ ಕೊಡಿ" ಎಂದು ಬಾಯಿ ತೆರೆದಳೋ, ಪಕ್ಕದಲ್ಲಿದ್ದವರು ತಮಗರಿಯದೆಯೇ ಚೀಲ ಎತ್ತಿಕೊಳ್ಳುತ್ತಿದ್ದರು. ತಮ್ಮ ಬಸ್ಸು ಬಂತೆಂದು ಅವರ ಕಾಲಿಗೆ ಅನಿಸಿಬಿಡುತ್ತಿತ್ತು. ಆಮೇಲೆ ನಾಚಿಕೊಂಡು, "ಓ, ನೀವಾ ಅದು" ಎಂದು ನಗುತ್ತಿದ್ದರು.

ಬಸ್ ನಿಲ್ದಾಣದ ನಟ್ಟನಡುವೆ, ವಿಚಾರಣೆಯ ಕಿಟಕಿಯ ಪಕ್ಕದಲ್ಲಿ, ಅವಳು ಬಸ್ಸುಗಳ ಪ್ರಕಟಣೆ ಮಾಡುವ ಒಂದು ಗಾಜಿನ ಗೂಡು. ಒಳಗೆ ಒಂದು ಮೇಜು, ಒಂದು ಕುರ್ಚಿ, ಕತ್ತು ಬಾಗಿಸಿದ ಮೈಕು, ತಿರುಗುವಾಗ ಹಲ್ಲು ಕಡಿಯುವಂತೆ ಸದ್ದು ಮಾಡುವ ಒಂದು ಫ್ಯಾನು. ಆ ಸದ್ದು ಮೈಕಿಗೆ ಬೀಳುತ್ತದೆಂದು ಪ್ರತಿ ಸಲವೂ ಫ್ಯಾನು ಆರಿಸಿಯೇ ಮಾತನಾಡಬೇಕು. ಹೀಗಾಗಿ ಅವಳ ಕೆಲಸಕ್ಕೊಂದು ಕ್ರಮ ಬಿದ್ದಿತ್ತು. ಎಡಗೈ ಫ್ಯಾನು ಆರಿಸುತ್ತಿತ್ತು, ಬಲಗೈ ಮೈಕಿನ ಗುಂಡಿ ಒತ್ತುತ್ತಿತ್ತು, ಉಗುರು ಎರಡು ಸಲ ತಟ್ಟುತ್ತಿತ್ತು, ಆಮೇಲೆ ಮಾತು. ಆರು ವರ್ಷಗಳಲ್ಲಿ ಇದು ಉಸಿರಾಟದಷ್ಟೇ ಸಹಜವಾಗಿ, ಮನೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುವಾಗಲೂ ಅವಳ ಕೈ ಮೊದಲು ಗೋಡೆಯ ಸ್ವಿಚ್ಚಿಗೆ ಹೋಗುತ್ತಿತ್ತು. "ಯಾವ ಅಂಕಣದಲ್ಲಿ ಊಟ ಅಂತಲೂ ಹೇಳಿಬಿಡು ತಾಯಿ" ಎಂದು ಅತ್ತೆ ಕಿಚಾಯಿಸುತ್ತಿದ್ದರು. ಬಸ್ಸು ಬಂದು ನಿಲ್ಲುವ ಜಾಗಕ್ಕೆ ನಿಲ್ದಾಣದಲ್ಲಿ ಅಂಕಣವೆಂದೇ ಹೆಸರು.

ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಓದಿದ ಮೇಲೆ ಅವಳು ತನ್ನದೊಂದು ಮಾತು ಸೇರಿಸುತ್ತಿದ್ದಳು: "ಓಡಬೇಡಿ, ಬಸ್ಸು ನಿಂತಿದೆ." ಇದನ್ನು ಯಾರೂ ಬರೆದುಕೊಟ್ಟದ್ದಲ್ಲ. ನಿಲ್ದಾಣದ ಮೇಲ್ವಿಚಾರಣೆ ನೋಡುತ್ತಿದ್ದ ಕಂಟ್ರೋಲರು ಮೊದಮೊದಲು ಆಕ್ಷೇಪಿಸಿದರು. ಮುದುಕರು ಎಡವಿ ಬೀಳುವುದು ಕಡಿಮೆಯಾದದ್ದನ್ನು ಕಂಡಮೇಲೆ ಸುಮ್ಮನಾದರು.

ಈ ಮಾತಿಗೆ ಹಿಂದೆ ಒಂದು ಕಥೆಯಿತ್ತು. ಹದಿನೈದು ವರ್ಷಗಳ ಹಿಂದೆ, ಮದುವೆಯಾದ ಹೊಸದರಲ್ಲಿ, ಅವಳು ಗಂಡನ ಜೊತೆ ಈ ನಿಲ್ದಾಣದಲ್ಲೇ ಬಂದಿಳಿದಿದ್ದಳು. ಮನೆಗೆ ಹೋಗಲು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಆಗ ಮೈಕಿನಲ್ಲಿ ಯಾರೋ ಹುರಿಗಡಲೆ ಅಗಿದಂತೆ ಏನನ್ನೋ ಗೊಣಗಿದರು. ಜನ ಓಡಿದರು. ಅವಳೂ ಓಡಿದಳು. ಓಡುವಾಗ ಚಪ್ಪಲಿಯ ಬಾರು ಕಿತ್ತುಹೋಯಿತು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಹತ್ತಿ ಕೂತು ನೋಡಿದರೆ ಗಂಡನಿಲ್ಲ. ಗಂಡ ಸರಿಯಾದ ಬಸ್ಸಿನಲ್ಲಿದ್ದ, ಅವಳು ಬೇರೊಂದರಲ್ಲಿದ್ದಳು. ಕೊನೆಯ ನಿಲುಗಡೆಯಲ್ಲಿ ಕಣ್ಣು ತುಂಬಿಕೊಂಡು ಕೂತಿದ್ದವಳನ್ನು ಹುಡುಕಿಕೊಂಡು ಬಂದವಳು ಗಂಡನ ತಂಗಿ, ಮನೆಯವರೆಲ್ಲ ಪುಟ್ಟಿ ಎಂದು ಕರೆಯುತ್ತಿದ್ದ ನಾದಿನಿ.

"ಅಳಬೇಡಿ ಅತ್ತಿಗೆ" ಎಂದಿದ್ದಳು ಪುಟ್ಟಿ, ಮುರಿದ ಚಪ್ಪಲಿಯನ್ನು ತಾನೇ ಎತ್ತಿಕೊಂಡು. "ಈ ಊರಲ್ಲಿ ಎಲ್ಲರೂ ಓಡ್ತಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಆ ಊರನ್ನು ಅವಳಿಗೆ ಕಲಿಸಿದವಳೂ ಪುಟ್ಟಿಯೇ. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ನಿಲುಗಡೆಗೆ ಗಿರಣಿ ಎಂದೇ ಹೇಳಬೇಕು, ಇಲ್ಲದಿದ್ದರೆ ಕಂಡಕ್ಟರಿಗೆ ತಿಳಿಯುವುದಿಲ್ಲ ಎಂಬಂಥ ವಿದ್ಯೆಗಳನ್ನೆಲ್ಲ ಹೇಳಿಕೊಟ್ಟಳು. ಅತ್ತಿಗೆಯ ಮಾತಿನಲ್ಲಿ ತವರಿನ ಎಳೆತವೊಂದಿತ್ತು. ಬಾಯಿ ಬಿಟ್ಟರೆ ಸಾಕು, ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯವರವರೆಗೆ, "ಯಾವೂರಮ್ಮ ನಿಮ್ಮದು?" ಎಂದು ಕೇಳುತ್ತಿದ್ದರು. ಪುಟ್ಟಿ ಅವಳನ್ನು ಹಿತ್ತಲಲ್ಲಿ ಕೂರಿಸಿಕೊಂಡು ಮಾತು ತಿದ್ದುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಪುಟ್ಟಿಗೂ ಮದುವೆಯಾಗಿ, ದೂರದ ಕಾರ್ಖಾನೆಯ ಊರಿಗೆ ಹೊರಟುಹೋದಳು. ಹೋಗುವ ದಿನ ಅತ್ತಿಗೆ ನಾದಿನಿಯರು ಅತ್ತದ್ದನ್ನು ಕಂಡು, "ಇದು ಯಾವ ಮನೆಯ ನಿಯಮ? ನಾದಿನಿ ಹೋದರೆ ಅತ್ತಿಗೆ ಹಬ್ಬ ಮಾಡಬೇಕು" ಎಂದು ನೆಂಟರು ನಕ್ಕಿದ್ದರು.

ಮೈಕಮ್ಮ ಮೊದಲು ನಿಲ್ದಾಣ ಸೇರಿದ್ದು ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೋಣೆಗೆ, ದಿನಗೂಲಿಯ ಮೇಲೆ. ಮೈಕಿನ ಕೆಲಸಕ್ಕೂ ಒಮ್ಮೆ ಕೇಳಿದ್ದಳು. ಆಗಿದ್ದ ಕಂಟ್ರೋಲರು, "ನಿಮ್ಮ ಮಾತು ಈ ಊರಿನದಲ್ಲ" ಎಂದು ಒಂದೇ ವಾಕ್ಯದಲ್ಲಿ ಕಳುಹಿಸಿಬಿಟ್ಟಿದ್ದರು. ಆ ವಾಕ್ಯ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆ ಕುರ್ಚಿಗೆ ದೂರದೂರುಗಳಿಂದ ಬಂದವರು ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ವಾರಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗುವರು, ಕಡೆಗೆ ವರ್ಗ ಮಾಡಿಸಿಕೊಂಡು ಹೋಗಿಯೇಬಿಡುವರು. ಹಾಗೊಮ್ಮೆ ಮೈಕು ತಿಂಗಳುಗಟ್ಟಲೆ ಮೂಕವಾಗಿ ಬಿದ್ದಿದ್ದಾಗ ಹೊಸ ಕಂಟ್ರೋಲರು ಬಂದರು. ಸಾಮಾನಿನ ಕೋಣೆಯಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ ಅವಳ ದನಿ ಕೇಳಿ, "ನೀವೇ ಕೂತುಕೊಳ್ಳಿ, ಆಮೇಲೆ ನೋಡೋಣ" ಎಂದರು. ಆ "ಆಮೇಲೆ" ಆರು ವರ್ಷವಾಯಿತು.

ಅಷ್ಟರಲ್ಲಿ ಪುಟ್ಟಿ ಮರಳಿ ಬಂದಳು. ಕಾರ್ಖಾನೆ ಮುಚ್ಚಿ, ಗಂಡಹೆಂಡಿರು ತವರಿನ ಹಿಂದಿನ ಕೋಣೆಯಲ್ಲಿ ಬಿಡಾರ ಹೂಡಿದರು. ಗಂಡ ಯಾರದೋ ಸರಕು ಗಾಡಿ ಓಡಿಸುತ್ತಿದ್ದ. ಗಾಡಿಯಿದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಪುಟ್ಟಿ ಓದಿದವಳು, ಚುರುಕು ನಾಲಗೆಯವಳು. ಎಲ್ಲಿ ಕೆಲಸ ಕೇಳಿದರೂ "ನೋಡೋಣ" ಎನ್ನಿಸಿಕೊಂಡು ಬರುತ್ತಿದ್ದಳು.

ಆಗಲೇ ಊರಿನಲ್ಲಿ ಒಂದು ಕೂಗು ಎದ್ದಿತ್ತು: ನಮ್ಮೂರ ಕೆಲಸ ನಮ್ಮೂರವರಿಗೆ. ಸಭೆಗಳಾದವು. ಅತ್ತೆಯವರು ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಒಂದು ಸಭೆಗೆ ಹೋಗಿ, ಮುಂದಿನ ಸಾಲಿನಲ್ಲೇ ಎದ್ದು ನಿಂತು ಮಾತನಾಡಿ ಬಂದರು. "ಮಕ್ಕಳನ್ನು ನಾವು ಹೆತ್ತು ಸಾಕಿ ಓದಿಸೋದು, ಕುರ್ಚಿಗೆ ಎಲ್ಲಿಂದಲೋ ಬಂದವರು ಕೂರೋದು. ಊರಲ್ಲಿ ಕೆಲಸ ಇಲ್ಲದಿದ್ರೆ ಊರಲ್ಲಿ ಯಾರು ಉಳೀತಾರೆ?" ಎಂದು ಅವರು ಕೇಳಿದಾಗ ಚಪ್ಪಾಳೆ ಬಿತ್ತಂತೆ. ಅವರ ಮನಸ್ಸಿನಲ್ಲಿ ಇದ್ದದ್ದು ಪುಟ್ಟಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೂಗು ಫಲಿಸಿತು. ನಿಲ್ದಾಣದ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು. ಮೈಕಿನ ಕೆಲಸ ಇನ್ನು ಕಾಯಂ ಹುದ್ದೆ, ಹುದ್ದೆ ಒಂದೇ. ಬರಹದ ಪರೀಕ್ಷೆ, ಧ್ವನಿ ಪರೀಕ್ಷೆ. ಯಾರು ಬೇಕಾದರೂ ಬರಬಹುದು, ಆದರೆ ಊರಿನವರೆಂಬ ಪ್ರಮಾಣಪತ್ರ ಕೊಟ್ಟವರಿಗೆ ಹದಿನೈದು ಅಂಕ ಹೆಚ್ಚಿಗೆ.

"ನಮ್ಮ ಪುಟ್ಟಿಗೇ ಅಂತ ಮಾಡಿಟ್ಟ ಹಾಗಿದೆ" ಎಂದರು ಅತ್ತೆ, ಸಂತೋಷ ತಡೆಯಲಾರದೆ. ಸೊಸೆಯ ಮುಖ ನೋಡಿದ ಮೇಲೆ, ಆ ಕುರ್ಚಿಯಲ್ಲಿ ಈಗ ಕೂತಿರುವವಳು ಯಾರೆಂಬುದು ನೆನಪಾಯಿತು. ಕೆಟ್ಟ ಮನಸ್ಸಿನವರಲ್ಲ ಅವರು. ಸಮಾಧಾನ ಮಾಡುವ ದನಿಯಲ್ಲೇ, "ನೀನೂ ಹಾಕು. ಆದ್ರೆ ನೀನು ಹೇಗೂ ಹೊರಗಿನವಳಲ್ಲವೇನಮ್ಮ" ಎಂದರು. ಮೈಕಮ್ಮ ಒಲೆಯ ಉರಿ ತಗ್ಗಿಸಿದಳು.

ಪ್ರಮಾಣಪತ್ರ ಕೊಡುವ ಕಚೇರಿಗೆ ಅತ್ತೆ, ಸೊಸೆ, ಮಗಳು ಮೂವರೂ ಒಟ್ಟಿಗೇ ಹೋದರು. ಕೌಂಟರಿನ ಗುಮಾಸ್ತ ಮೈಕಮ್ಮನ ಕಾಗದಗಳನ್ನು ತಿರುವಿ ನೋಡಿ, ಧಡ್ಡನೆ ಮೊಹರು ಒತ್ತಿ ಕೊಟ್ಟ. ಪುಟ್ಟಿಯ ಕಾಗದಗಳನ್ನು ನೋಡಿ ಹಿಂದಕ್ಕೆ ಸರಿಸಿದ. ಅರ್ಜಿಗೆ ಹಿಂದಿನ ಹತ್ತು ವರ್ಷ ಎಡೆಬಿಡದೆ ಊರಿನಲ್ಲಿ ವಾಸವಿರಬೇಕು, ಇವರು ಬಂದು ಎರಡೇ ವರ್ಷವಾಗಿದೆ ಎಂದ.

"ಇವಳು ಹುಟ್ಟಿದ್ದೇ ಇಲ್ಲಿ ಕಣಪ್ಪ. ಹೆತ್ತವಳು ನಾನೇ, ಇಲ್ಲೇ ನಿಂತಿದ್ದೀನಿ" ಎಂದರು ಅತ್ತೆ.

"ಹೆತ್ತದ್ದಕ್ಕೆ ಬೇರೆ ಕೌಂಟರ್ ಇದೆ ಅಮ್ಮ. ಇದು ವಾಸಕ್ಕೆ."

"ಅವಳು ಹೊರಗಿನಿಂದ ಬಂದ ಸೊಸೆ, ಇವಳು ಮನೆ ಮಗಳು. ನೀನು ತಿರುಗಾಮುರುಗಾ ಕೊಟ್ಟಿದ್ದೀಯ."

"ಸರಿಯಾಗೇ ಕೊಟ್ಟಿದ್ದೀನಿ. ಈ ನಿಯಮ ಬೇಕು ಅಂತ ಊರಿನವರೇ ಗಲಾಟೆ ಮಾಡಿದ್ದಲ್ವೇ?"

ಅತ್ತೆ ಕಾಗದಗಳನ್ನು ಬಾಚಿಕೊಂಡು ಹೊರಬಿದ್ದರು. ದಾರಿಯುದ್ದಕ್ಕೂ ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡಿಕೊಂಡು ನಡೆದರು. ಮನೆ ಬಾಗಿಲಿಗೆ ಬಂದಾಗ ಮಾತ್ರ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋದನ್ನ ಕೇಳಿದ್ದೆ. ಊರಿಗೂ ಹೊರಗು ಅನ್ನೋದನ್ನ ಇವತ್ತು ನೋಡಿದೆ" ಎಂದು ನಿಟ್ಟುಸಿರಿಟ್ಟರು.

ಆ ಕಾಗದ ಕೈಗೆ ಬಂದಾಗ ಮೈಕಮ್ಮನಿಗೆ ಸಂತೋಷವಾಯಿತು. ಆಗಲಿಲ್ಲವೆಂದರೆ ಸುಳ್ಳಾದೀತು. ಹದಿನೈದು ವರ್ಷ "ಯಾವೂರಮ್ಮ" ಎಂದು ಕೇಳಿಸಿಕೊಂಡವಳಿಗೆ, ನೀನು ಇದೇ ಊರಿನವಳೆಂದು ಮೊಹರು ಹಾಕಿ ಹೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಯಾರೂ ಇಲ್ಲದಾಗ ಅದನ್ನು ತೆಗೆದು ತೆಗೆದು ಓದಿದಳು. ಆದರೆ ಹಿಂದಿನ ಕೋಣೆಯಿಂದ ಪುಟ್ಟಿಯ ಸದ್ದೇ ಕೇಳಿಸದಿದ್ದಾಗ ಕಾಗದವನ್ನು ಮಡಚಿ ಒಳಗಿಟ್ಟಳು. ಸುಮ್ಮನಿರುವುದು ಪುಟ್ಟಿಯ ಜಾಯಮಾನವೇ ಅಲ್ಲ.

ಊಟಕ್ಕೆ ಕೂತಾಗ ಮೈಕಮ್ಮನ ಗಂಡ ವಾತಾವರಣ ತಿಳಿಯಾಗಲೆಂದು, "ಯಾರಿಗೆ ಸಿಕ್ಕರೇನು, ಎಲ್ಲ ಒಂದೇ ಒಲೆಗೆ ತಾನೆ ಬರೋದು" ಎಂದ. ಮೂವರು ಹೆಂಗಸರೂ ಒಟ್ಟಿಗೆ ಅವನನ್ನು ನೋಡಿದರು. ಅವನು ತಟ್ಟೆಯ ಕಡೆಗೆ ತಿರುಗಿದ. ಪಾತ್ರೆ ತೊಳೆಯುವಾಗ ಪುಟ್ಟಿ ಮೆಲ್ಲಗೆ ಬಾಯಿಬಿಟ್ಟಳು.

"ಅತ್ತಿಗೆ, ನೀವು ಗೆದ್ದರೆ ನನಗೆ ಹೊಟ್ಟೆಕಿಚ್ಚಿಲ್ಲ. ಆರು ವರ್ಷ ಬೆವರು ಸುರಿಸಿದ್ದೀರಿ. ಆದ್ರೆ ಓಟ ಶುರುವಾಗೋಕೆ ಮುಂಚೆಯೇ ನೀವು ಮುಂದೆ ನಿಂತಿರ್ತೀರಿ. ನನ್ನ ಕಾಲಿನ ಬಲ ಎಷ್ಟು ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ."

ಮೈಕಮ್ಮ ಕೈಯಲ್ಲಿದ್ದ ತಟ್ಟೆಯನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. "ನಿಮ್ಮ ಮಾತು ಈ ಊರಿನದಲ್ಲ" ಎಂದಿದ್ದ ಹಳೆಯ ಕಂಟ್ರೋಲರ ಮುಖ ಅವಳ ಕಣ್ಣ ಮುಂದೆ ಬಂತು. ಅಂದು ಅವರು ಅವಳ ಮಾತನ್ನು ಪೂರ್ತಿ ಕೇಳಿಯೂ ಇರಲಿಲ್ಲ.

ಅರ್ಜಿ ಕೊಡುವ ದಿನ ಕಂಟ್ರೋಲರ ಕೋಣೆಯ ಮುಂದೆ ಇಬ್ಬರೂ ಒಬ್ಬರ ಹಿಂದೊಬ್ಬರು ನಿಂತರು. ಮೈಕಮ್ಮ ಎಲ್ಲ ಕಾಗದಗಳನ್ನೂ ಕೊಟ್ಟಳು. ಮೊಹರಿನ ಕಾಗದವನ್ನು ಮಾತ್ರ ಮಡಚಿ ಕೈಚೀಲದೊಳಗೆ ಇಟ್ಟುಕೊಂಡಳು. ಕಂಟ್ರೋಲರು ಕನ್ನಡಕ ಏರಿಸಿ, ಊರಿನ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಅದು ಕೊಡಲೇಬೇಕಾದದ್ದೇ ಎಂದು ಅವಳು ಕೇಳಿದಳು. ಕಡ್ಡಾಯವೇನಲ್ಲ, ಕೊಡದಿದ್ದರೆ ಅಂಕ ಸೇರುವುದಿಲ್ಲ, ಅಷ್ಟೇ ಎಂದರು. ಹಾಗಾದರೆ ಬೇಡ ಎಂದಳು. ಇದನ್ನೆಲ್ಲ ಹಿಂದೆ ನಿಂತು ನೋಡುತ್ತಿದ್ದ ಪುಟ್ಟಿ ಹೊರಗೆ ಬಂದದ್ದೇ ಕೆರಳಿದಳು.

"ನನಗೆ ಭಿಕ್ಷೆ ಹಾಕ್ತಿದ್ದೀರಾ ಅತ್ತಿಗೆ?"

"ಭಿಕ್ಷೆ ಅಲ್ಲ ಕಣೇ, ಜಂಬ" ಎಂದಳು ಮೈಕಮ್ಮ. "ಮನೆ ವಿಳಾಸಕ್ಕೆ ಕೊಟ್ಟ ಅಂಕದಿಂದ ಗೆದ್ದಳು ಅನ್ನಿಸಿಕೊಳ್ಳೋಕೆ ನನಗೆ ಇಷ್ಟ ಇಲ್ಲ. ಗೆದ್ದರೆ ಗಂಟಲಿಂದ ಗೆಲ್ತೀನಿ. ನಿನ್ನನ್ನ ಸೋಲಿಸೇ ಸೋಲಿಸ್ತೀನಿ, ನೋಡ್ತಿರು."

"ನೋಡೋಣ" ಎಂದಳು ಪುಟ್ಟಿ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಹಳೆಯ ಚೇಷ್ಟೆ ಕಂಡಿತು. ಅಂದಿನಿಂದ ಮನೆಯಲ್ಲಿ ಇಬ್ಬರೂ ಪೈಪೋಟಿಯ ಮೇಲೆ ದನಿ ಸಾಧನೆಗೆ ಇಳಿದರು. ಹಿತ್ತಲಿನಿಂದ ಒಬ್ಬಳು ಬಸ್ಸು ಕಳುಹಿಸಿದರೆ ಅಂಗಳದಿಂದ ಇನ್ನೊಬ್ಬಳು ಬರಮಾಡಿಕೊಳ್ಳುತ್ತಿದ್ದಳು. ಸೊಸೆ ಪ್ರಮಾಣಪತ್ರ ಕೊಡಲಿಲ್ಲವೆಂಬುದು ತಿಳಿದ ಅತ್ತೆ, ಕೈಗೆ ಬಂದ ತುತ್ತನ್ನು ಬಾಯಿಗೆ ಹಾಕಿಕೊಳ್ಳದವಳನ್ನು ಇದೇ ಮೊದಲು ನೋಡುತ್ತಿರುವುದು ಎಂದರು. ಬೈದರೋ ಹೊಗಳಿದರೋ ಅವರಿಗೇ ಗೊತ್ತಾಗಲಿಲ್ಲ.

ಬರಹದ ಪರೀಕ್ಷೆ ದಾಟಿ ಧ್ವನಿ ಪರೀಕ್ಷೆಗೆ ಉಳಿದವರು ಮೂವರು. ಇವರಿಬ್ಬರಲ್ಲದೆ ದೂರದ ಊರಿನ ಒಬ್ಬ ಯುವಕ, ಪಾಪ, ಮೈಕು ಕಂಡೊಡನೆ ಗಂಟಲು ಕಟ್ಟುವವನು. ಪರೀಕ್ಷೆ ಗಾಜಿನ ಗೂಡಿನಲ್ಲೇ. ಒಬ್ಬೊಬ್ಬರಿಗೂ ಐದು ಚೀಟಿ, ಎಲ್ಲವೂ ಇಲ್ಲದ ಬಸ್ಸುಗಳದು. ಮೈಕಿನ ಗುಂಡಿ ಮುಟ್ಟಬಾರದು, ಕೇಳುವವರು ಒಳಗೆ ಕೂತ ಕಂಟ್ರೋಲರು ಮತ್ತು ಮೇಲಿನ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ ಅಷ್ಟೇ. ಗಡಿಯಾರದ ಮುಳ್ಳು ಗೊತ್ತುಮಾಡಿದ ಗುರುತು ದಾಟುವುದರೊಳಗೆ ಐದೂ ಮುಗಿಯಬೇಕು. ಕಂಟ್ರೋಲರು ಇದನ್ನು ಬಿಡಿಸಿ ಹೇಳಿದರು. ಮೈಕಮ್ಮ ತಲೆಯಾಡಿಸಿ ತನ್ನ ಕುರ್ಚಿಯಲ್ಲಿ ಕೂತಳು. ಎಡಗೈ ಫ್ಯಾನು ಆರಿಸಿತು. ಬಲಗೈ ಗುಂಡಿ ಒತ್ತಿತು. ಉಗುರು ಎರಡು ಸಲ ತಟ್ಟಿತು.

"ಪ್ರಯಾಣಿಕರ ಗಮನಕ್ಕೆ. ಕಡಲತೀರದ ಕಡೆಗೆ ಹೋಗುವ ವಿಶೇಷ ಬಸ್ಸು ಮೂರನೇ ಅಂಕಣದಲ್ಲಿದೆ. ಓಡಬೇಡಿ, ಬಸ್ಸು ನಿಂತಿದೆ."

ಎರಡನೆಯ ಚೀಟಿಯನ್ನೂ ಓದಿದಳು. ಮೂರನೆಯದನ್ನು ಮುಗಿಸಿ ತಲೆಯೆತ್ತಿ ಗಾಜಿನಾಚೆ ನೋಡಿದಳು. ಜನ ಗಂಟುಮೂಟೆ ಎತ್ತಿಕೊಂಡು, ಮಕ್ಕಳ ಕೈಹಿಡಿದು, ಒಬ್ಬರೂ ಓಡದೆ, ಅವಳು ಕಲಿಸಿದ ಹಾಗೆ ಸಾವಧಾನವಾಗಿ ನಡೆದು, ಬಸ್ಸೇ ಇಲ್ಲದ ಅಂಕಣಗಳ ಮುಂದೆ ಸಾಲುಗಟ್ಟಿ ನಿಂತಿದ್ದರು. ಅವಳ ದನಿ ಹೊರಗಿನ ಧ್ವನಿವರ್ಧಕಗಳಲ್ಲಿ ಕೇಳುತ್ತಿದ್ದುದು ಗಡಿಯಾರ ನೋಡುತ್ತ ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ, ಗೂಡಿನ ಗಾಜು ಅಷ್ಟು ದಪ್ಪ.

"ಮುಂದಕ್ಕೆ ಓದಿ, ಹೊತ್ತಾಗುತ್ತೆ" ಎಂದು ಅಧಿಕಾರಿ ಬೆರಳಾಡಿಸಿದರು.

"ಅಲ್ಲಿ ಜನ ನಿಂತಿದ್ದಾರೆ ಸರ್" ಎಂದಳು ಮೈಕಮ್ಮ.

ಉಳಿದ ಚೀಟಿಗಳನ್ನು ಮಗುಚಿ ಇಟ್ಟು, ಮೈಕಿಗೆ ಬಾಯಿ ಕೊಟ್ಟು, ತಾನು ಈಗ ಹೇಳಿದ ಬಸ್ಸುಗಳು ಇಲ್ಲವೆಂದೂ, ತಪ್ಪು ತನ್ನದೆಂದೂ, ದಯವಿಟ್ಟು ಮೊದಲಿನ ಜಾಗಗಳಿಗೆ ಮರಳಬೇಕೆಂದೂ ಹೇಳಿದಳು. ಯಾರೂ ಕದಲಲಿಲ್ಲ. ಮತ್ತೆ ಹೇಳಿದಳು. ಆರು ವರ್ಷದಲ್ಲಿ ಒಮ್ಮೆಯೂ ತಪ್ಪು ಹೇಳದವಳು ತಪ್ಪು ಹೇಳಿದೆನೆಂದರೆ ನಂಬುವವರಾರು? ಒಬ್ಬ ಮುದುಕ ಪಕ್ಕದವನಿಗೆ, "ನಿಂತಿರಪ್ಪ, ಆ ತಾಯಿ ಹೇಳಿದ ಮೇಲೆ ಬಸ್ಸು ಬಂದೇ ಬರುತ್ತೆ" ಎಂದು ಧೈರ್ಯ ಹೇಳುತ್ತಿದ್ದ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಅವಳ ಮಾತು ಮೂರನೇ ಅಂಕಣದವರೆಗೂ ಹೋಗಿತ್ತು.

ಆಗ ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ ಪುಟ್ಟಿ ಎದ್ದಳು. ಸೆರಗು ಸಿಕ್ಕಿಸಿಕೊಂಡು ಸಾಲಿನೊಳಗೆ ನುಗ್ಗಿದಳು. ದೊಡ್ಡಪ್ಪ, ಅಕ್ಕ, ತಮ್ಮ ಎಂದು ಬಾಯಿಗೆ ಬಂದ ನೆಂಟಸ್ತಿಕೆ ಹಚ್ಚಿ, ಒಬ್ಬರ ಮೂಟೆ ಎತ್ತಿ, ಇನ್ನೊಬ್ಬರ ಹೆಗಲು ತಿರುಗಿಸಿ, "ಅವರು ನಮ್ಮ ಅತ್ತಿಗೆ ಕಣಪ್ಪ, ನನಗೆ ಗೊತ್ತು, ಇವತ್ತು ಒಂದು ಸಲ ತಪ್ಪಿದ್ದಾರೆ, ನಡೀರಿ" ಎಂದು ಎಲ್ಲರನ್ನೂ ಹಿಂದಕ್ಕೆ ಹೊರಡಿಸಿದಳು. ಒಳಗಿನಿಂದ ಒಬ್ಬಳು ಹೇಳುತ್ತಿದ್ದಳು, ಹೊರಗಿನಿಂದ ಇನ್ನೊಬ್ಬಳು ನಡೆಸುತ್ತಿದ್ದಳು. ಕಡೆಯ ಮುದುಕ ಬೆಂಚಿಗೆ ಮರಳುವಷ್ಟರಲ್ಲಿ ಗಡಿಯಾರದ ಮುಳ್ಳು ಗುರುತು ದಾಟಿತ್ತು. ಎರಡು ಚೀಟಿ ಹಾಗೆಯೇ ಉಳಿದಿದ್ದವು.

ಬೆವರು ಒರೆಸಿಕೊಂಡು ಬಂದ ಪುಟ್ಟಿ ಐದೂ ಚೀಟಿಗಳನ್ನು ತಡವರಿಸದೆ ಓದಿದಳು. ಗುಂಡಿ ಮುಟ್ಟಲಿಲ್ಲ. ಜನರನ್ನು ಹಿಂದಕ್ಕೆ ಕರೆತಂದದ್ದಕ್ಕೆ ಪುಟ್ಟಿಗಾಗಲಿ, ಓದು ನಿಲ್ಲಿಸಿ ತಪ್ಪು ತಿದ್ದಿದ್ದಕ್ಕೆ ಮೈಕಮ್ಮನಿಗಾಗಲಿ ಅಂಕವಿರಲಿಲ್ಲ. ಕಂಟ್ರೋಲರು ಕೇಳಿ ನೋಡಿದರಂತೆ, ನಿಯಮದಲ್ಲಿ ಅದಕ್ಕೆ ಜಾಗವಿಲ್ಲವೆಂದು ಅಧಿಕಾರಿ ಹೇಳಿದರಂತೆ. ಫಲಿತಾಂಶ ಬಂದಾಗ ಪುಟ್ಟಿ ನಾಲ್ಕು ಅಂಕದಿಂದ ಮುಂದಿದ್ದಳು. ಕೈಚೀಲದಲ್ಲಿದ್ದ ಕಾಗದ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಯಾರೂ ಬಾಯಿಬಿಟ್ಟು ಮಾಡಲಿಲ್ಲ.

ಅಂದು ಸಂಜೆ ಪುಟ್ಟಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ನಾನು ಸೇರಲ್ಲ ಅತ್ತಿಗೆ" ಎಂದಳು.

"ಸೇರದಿದ್ರೆ ನನ್ನ ಜಂಬಕ್ಕೆ ಏನು ಬೆಲೆ ಬಂತು?" ಎಂದಳು ಮೈಕಮ್ಮ. "ಏಳು, ಮುಖ ತೊಳ್ಕೋ. ಗೆದ್ದಿದ್ದೀಯ. ಫ್ಯಾನು ಆರಿಸೋದನ್ನ ಮಾತ್ರ ಮರೀಬೇಡ."

ದುಃಖವಾಗಲಿಲ್ಲವೇ ಎಂದರೆ ಆಯಿತು. ಹಲವು ದಿನ ಅವಳು ನಿಲ್ದಾಣದ ಆ ಬದಿಗೇ ಹೋಗಲಿಲ್ಲ. ಮೊಹರಿನ ಕಾಗದವನ್ನು ಕಪಾಟಿನ ತಳಕ್ಕೆ ಹಾಕಿದಳು. ಕಂಟ್ರೋಲರು ಸಾಮಾನಿನ ಕೋಣೆಯ ಹಳೆಯ ಕೆಲಸವನ್ನು ಮತ್ತೆ ಕೊಡಿಸಿದರು, ಅದೇ ದಿನಗೂಲಿ. ಪುಟ್ಟಿಯ ರಜೆಯ ದಿನ ಮೈಕಿನ ಮುಂದೆ ಕೂರುವುದೂ ಅವಳಿಗೇ ಬಂತು. ಪುಟ್ಟಿ ಮೊದಲ ಸಂಬಳದಲ್ಲಿ ಅತ್ತಿಗೆಗೆ ಒಂದು ಜೊತೆ ಚಪ್ಪಲಿ ತಂದಳು. ಗಟ್ಟಿ ಬಾರಿನದು. ಇಬ್ಬರೂ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಗೆ ಮಾತ್ರ ಕಾರಣ ತಿಳಿಯಲಿಲ್ಲ. "ಯಾರನ್ನು ಒಳಗಿನವಳು ಅನ್ನಲಿ, ಯಾರನ್ನು ಹೊರಗಿನವಳು ಅನ್ನಲಿ, ನನ್ನ ತಲೆ ಕೆಟ್ಟಿದೆ. ಇಬ್ಬರೂ ಒಳಗೆ ಬನ್ನಿ, ಊಟ ಆರ್ತಿದೆ" ಎಂದರು. ಅದಾದ ಮೇಲೆ ಅವರು ಯಾವ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಆದರೆ ಊರಿನ ಮಕ್ಕಳಿಗೆ ಊರಿನಲ್ಲಿ ಕೆಲಸ ಬೇಕೆನ್ನುವುದನ್ನು ಬಿಡಲೂ ಇಲ್ಲ. ಊರಿನವರೆಂದರೆ ಯಾರು ಎಂದು ಯಾರಾದರೂ ಕೇಳಿದರೆ, ಅದನ್ನು ತಮ್ಮ ಸೊಸೆಯನ್ನು ಕೇಳಿ ಎನ್ನುತ್ತಿದ್ದರು.

ಕೆಲವು ತಿಂಗಳ ಮೇಲೆ ಮೈಕಮ್ಮ ತವರಿಗೆ ಹೊರಟಳು. ಪೆಟ್ಟಿಗೆ ಹಿಡಿದು, ಹೊಸ ಚಪ್ಪಲಿ ಮೆಟ್ಟಿ, ಪ್ರಯಾಣಿಕಳಾಗಿ ಬೆಂಚಿನ ಮೇಲೆ ಕೂತಳು. ಆರು ವರ್ಷ ತಾನು ಗಾಜಿನ ಒಳಗಿನಿಂದ ನೋಡಿದ್ದ ಜನರ ನಡುವೆ ಕೂತು, ಕಿವಿಯನ್ನು ಕಂಬದ ಮೇಲಿನ ಧ್ವನಿವರ್ಧಕಕ್ಕೆ ಕೊಟ್ಟಳು. ಉಗುರು ಎರಡು ಸಲ ತಟ್ಟಿದ ಸದ್ದಾಯಿತು. ಪುಟ್ಟಿಯ ದನಿ, ತನ್ನದಕ್ಕಿಂತ ಸ್ವಲ್ಪ ದಪ್ಪ, ಅತ್ತಿಗೆಯ ತವರೂರಿನ ಬಸ್ಸು ಐದನೇ ಅಂಕಣದಲ್ಲಿದೆ ಎಂದಿತು. ಆಮೇಲೆ ಒಂದು ಕ್ಷಣ ತಡೆದು ಹೇಳಿತು: "ಓಡಬೇಡಿ, ಬಸ್ಸು ನಿಂತಿದೆ."

ಪಕ್ಕದಲ್ಲಿದ್ದ ಒಬ್ಬ ಹೆಂಗಸು, ಆ ಊರಿಗೆ ಹೊಸಬಳಿರಬೇಕು, ಗಾಬರಿಯಿಂದ ಎದ್ದು ಓಡಲು ಕಾಲೆತ್ತಿದಳು. ಮೈಕಮ್ಮ ಅವಳ ತೋಳು ಹಿಡಿದು, ಹೇಳಿದ್ದು ಕೇಳಲಿಲ್ಲವೇ, ಬಸ್ಸು ನಿಂತಿದೆ, ನಿಧಾನವಾಗಿ ಬನ್ನಿ ಎಂದಳು. ಇಬ್ಬರೂ ಜೊತೆಯಾಗಿ ಐದನೇ ಅಂಕಣದ ಕಡೆಗೆ ನಡೆದರು.

"ಯಾವೂರಮ್ಮ ನಿಮ್ಮದು?" ಎಂದಳು ಆ ಹೆಂಗಸು.

"ಇದೇ" ಎಂದಳು ಮೈಕಮ್ಮ.